ಮೊದಲು ನೋಡು, ಹೆಸರು ಆಮೇಲೆ: ಮರುಭೂಮಿಯ ಕಲ್ಲುಗಳ ನಡುವೆ ನನ್ನ ಅನುಭವ

ಭೂವಿಜ್ಞಾನ ಕಲಿಯೋಕೆ ಮರುಭೂಮಿಯೇ ಸುಲಭ ಅಂತಾರೆ. ಗಿಡ ಕಡಿಮೆ, ಮಣ್ಣು ಕಡಿಮೆ, ಕಲ್ಲು ಬಯಲಲ್ಲೇ ನಿಂತಿರುತ್ತದೆ. ಮಾತು ಅರ್ಧ ನಿಜ. ಕಲ್ಲೇನೋ ಕಾಣುತ್ತದೆ, ಆದರೆ ಕಾಣುವ ಬಣ್ಣ ಕಲ್ಲಿನದ್ದೇ ಆಗಿರಬೇಕಿಲ್ಲ.

ನಮ್ಮನ್ನು ಕರೆದುಕೊಂಡು ಹೋದ ಭೂವಿಜ್ಞಾನಿ ಹೊರಡುವ ಮೊದಲೇ ಒಂದು ಷರತ್ತು ಹಾಕಿದ್ದರು. ಯಾರೂ ಕಲ್ಲಿನ ಹೆಸರು ಹೇಳುವ ಹಾಗಿಲ್ಲ. ಒಡೆದ ಮುಖದ ಬಣ್ಣ, ಕಣದ ಗಾತ್ರ, ಪದರ ಇದೆಯೋ ಇಲ್ಲವೋ, ಚಾಕುವಿನಿಂದ ಗೀರಿದರೆ ಗೆರೆ ಬೀಳುತ್ತದೋ ಇಲ್ಲವೋ, ಇಷ್ಟನ್ನು ಬರೆದ ಮೇಲೇ ಹೆಸರಿನ ಮಾತು. ಶುರುವಿನಲ್ಲಿ ಇದು ಕಿರಿಕಿರಿ ಅನ್ನಿಸಿತು. ಕಪ್ಪು ಬಂಡೆಗಳ ಇಳಿಜಾರು ಬಂದಾಗ ಕಾರಣ ತಿಳಿಯಿತು.

ದೂರಕ್ಕೆ ಅದು ಪಕ್ಕಾ ಬಸಾಲ್ಟ್, ಅಂದರೆ ಲಾವಾ ಆರಿ ಗಟ್ಟಿಯಾದ ಕಪ್ಪು ಕಲ್ಲು. ಒಡೆದು ಬಿದ್ದಿದ್ದ ಚೂರೊಂದನ್ನು ತಿರುಗಿಸಿದರೆ ಒಳಗೆ ತಿಳಿಕಂದು ಮರಳುಗಲ್ಲು! ಮೇಲಿನ ಕಪ್ಪು ಬರೀ ಲೇಪ. ಅದಕ್ಕೆ ಮರುಭೂಮಿ ವಾರ್ನಿಷ್ ಅಂತಾರೆ. ಗಾಳಿ ತಂದ ಜೇಡಿಯ ಧೂಳು, ಜೊತೆಗೆ ಮ್ಯಾಂಗನೀಸ್ ಮತ್ತು ಕಬ್ಬಿಣದ ಆಕ್ಸೈಡುಗಳು. ಮ್ಯಾಂಗನೀಸ್ ಜಾಸ್ತಿ ಇದ್ದರೆ ಕಪ್ಪು, ಕಬ್ಬಿಣ ಜಾಸ್ತಿ ಇದ್ದರೆ ಕೆಂಪು. ಮಿಲಿಮೀಟರಿನ ಸಣ್ಣದೊಂದು ಪಾಲಿನಷ್ಟು ದಪ್ಪಕ್ಕೆ ಸಾವಿರಾರು ವರ್ಷ ಹಿಡಿಯುತ್ತದೆ. ಅದು ಕೂಡುವುದರಲ್ಲಿ ಸೂಕ್ಷ್ಮಜೀವಿಗಳ ಪಾಲೆಷ್ಟು ಅನ್ನೋದರ ಬಗ್ಗೆ ವಿಜ್ಞಾನಿಗಳ ಜಗಳ ಇನ್ನೂ ಮುಗಿದಿಲ್ಲ.

ಆ ಚೂರನ್ನೇ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಹ್ಯಾಂಡ್ ಲೆನ್ಸಿನಲ್ಲಿ ನೋಡಿದೆವು. ಲೆನ್ಸನ್ನು ಕಣ್ಣಿಗೆ ತಾಗುವಷ್ಟು ಹತ್ತಿರ ಹಿಡಿದು, ಸ್ಪಷ್ಟವಾಗುವ ತನಕ ಕಲ್ಲನ್ನು ಹತ್ತಿರ ತರಬೇಕು. ನಮ್ಮ ನೆರಳು ಕಲ್ಲಿನ ಮೇಲೆ ಬೀಳಬಾರದು. ಕಂಡದ್ದು ಹೆಚ್ಚುಕಡಿಮೆ ಒಂದೇ ಗಾತ್ರದ, ದುಂಡಗಿನ, ಮಂಜು ಹಿಡಿದ ಗಾಜಿನಂಥ ಬೆಣಚುಕಣಗಳು. ಕಾಗೆ ಬಂಗಾರದ (ಅಭ್ರಕದ) ಹೊಳಪು ಒಂದೂ ಇರಲಿಲ್ಲ. ಗಾಳಿ ಹೊತ್ತು ತಂದ ಮರಳಿನಲ್ಲಿ ಕಣಗಳು ಬಡಿದಾಡಿ ಆ ತೆಳು ಹಾಳೆಗಳು ಪುಡಿಯಾಗಿ ಹೋಗಿರುತ್ತವೆ. ಬಂಡೆಯಲ್ಲಿ ಆಳೆತ್ತರದ ಓರೆ ಪದರಗಳೂ ಇದ್ದವು. ಒಣ ಮರಳು ಸುಮಾರು 34 ಡಿಗ್ರಿಗಿಂತ ಕಡಿದಾಗಿ ನಿಲ್ಲದೆ ಜಾರುತ್ತದೆ. ಹಾಗೆ ಜಾರಿ ಜಾರಿ ಕೂತ, ದಿಬ್ಬದ ಗಾಳಿಮರೆಯ ಇಳಿಜಾರೇ ಆ ಓರೆ ಪದರ. ಅದು ಇಳಿಯುವ ಕಡೆಗೇ ಅಂದಿನ ಗಾಳಿ ಬೀಸುತ್ತಿತ್ತು. ಇಷ್ಟೆಲ್ಲ ಕೂಡಿದ ಮೇಲೆ ಹೆಸರು ಬಂತು: ಹಳೆಯ ಮರಳದಿಬ್ಬ ಗಟ್ಟಿಯಾಗಿ ಆದ ಮರಳುಗಲ್ಲು.

ಇಲ್ಲಿ ಎಲ್ಲವೂ ಗಾಳಿಯ ಕೆಲಸ ಅಂದುಕೊಳ್ಳುವ ಹೊತ್ತಿಗೆ ಕಮರಿ ಶುರುವಾಯಿತು. ಅದನ್ನು ಕೊರೆದದ್ದು ನೀರು. ಕೊರೆದದ್ದನ್ನೆಲ್ಲ ತಂದು ಬಾಯಲ್ಲಿ ಬೀಸಣಿಗೆಯಾಕಾರಕ್ಕೆ ಸುರಿದದ್ದೂ ನೀರೇ. ವರ್ಷಗಟ್ಟಲೆ ಬಾರದ ಮಳೆ ಬಂದಾಗ ಹಿಡಿದಿಡೋಕೆ ಬೇರುಗಳಿಲ್ಲ, ಅಲ್ವಾ? ನನ್ನ ಮಟ್ಟಿಗೆ ಮರುಭೂಮಿಯ ನೆಲವನ್ನು ಜಾಸ್ತಿ ತಿದ್ದಿರೋದು ಆ ಅಪರೂಪದ ಪ್ರವಾಹಗಳೇ.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಕಲ್ಲುಹಾಸು. ಒತ್ತೊತ್ತಾಗಿ ಜೋಡಿಸಿಟ್ಟಂಥ ಚಪ್ಪಟೆ ನೆಲ. ಗಾಳಿ ಧೂಳನ್ನು ಹಾರಿಸಿಕೊಂಡು ಹೋಯಿತು, ಕಲ್ಲು ಉಳಿಯಿತು ಅನ್ನೋದು ಹಳೆಯ ವಿವರಣೆ. ಅಮೆರಿಕದ ಮೊಹಾವೆ ಮರುಭೂಮಿಯ ಲಾವಾ ಹರಿವುಗಳ ಮೇಲೆ ನಡೆದು 1995ರಲ್ಲಿ ಪ್ರಕಟವಾದ ಅಧ್ಯಯನವೊಂದು ಬೇರೆಯೇ ಹೇಳಿತು. ಕಲ್ಲುಗಳು ಮೊದಲಿನಿಂದಲೂ ಮೇಲೇ ಇದ್ದವು. ಗಾಳಿ ತಂದ ಧೂಳು ಸಂದಿಯಲ್ಲಿ ಇಳಿದು, ಅಡಿಯಲ್ಲಿ ಕೂಡುತ್ತಾ ಅವನ್ನು ಮೇಲಕ್ಕೆತ್ತಿತು. ಒಂದು ಕಲ್ಲನ್ನು ಮಗುಚಿದಾಗ ತಳದಲ್ಲಿ ಬಿಳಿ ಪದರ ಇತ್ತು. ಗೈಡ್ ಅದರ ಮೇಲೆ ತೆಳು ಹೈಡ್ರೋಕ್ಲೋರಿಕ್ ಆಮ್ಲದ ಹನಿ ಬಿಟ್ಟರು. ಬುಸ್ಸೆಂದು ನೊರೆ ಬಂತು, ಅಂದರೆ ಸುಣ್ಣ. ಇಂಗಿದ ಮಳೆನೀರು ಆರುವಾಗ ಬಿಟ್ಟು ಹೋದದ್ದು. ನೋಡಿದ ಮೇಲೆ ಕಲ್ಲನ್ನು ಅದೇ ಗುಳಿಗೆ, ಅದೇ ಮುಖ ಮೇಲಾಗಿ ಇಟ್ಟೆವು. ಹಾಸಿನ ಮೇಲೆ ಗಾಡಿ ಹೋದರೆ ಗುರುತು ದಶಕಗಟ್ಟಲೆ ಉಳಿಯುತ್ತದೆ.

ಹೋಗುವವರಿಗೆ ಒಂದೆರಡು ಮಾತು. ಸುತ್ತಿಗೆ ಒಯ್ಯುವ ಮೊದಲು ಅಲ್ಲಿ ಕಲ್ಲು ಒಡೆಯೋಕೆ ಅನುಮತಿ ಇದೆಯೇ ಕೇಳಿ. ಸಂರಕ್ಷಿತ ಜಾಗಗಳಲ್ಲಿ ಸಾಮಾನ್ಯವಾಗಿ ಇರೋದಿಲ್ಲ. ಬಿದ್ದ ಚೂರುಗಳೇ ಬೇಕಾದಷ್ಟು ಸಿಗುತ್ತವೆ. ಫೋಟೋದಲ್ಲಿ ಅಳತೆಗೆ ಪೆನ್ ಇಡಿ. ಪದರಗಳನ್ನು ಬೆಳಗ್ಗೆ ಅಥವಾ ಸಂಜೆಯ ಓರೆ ಬಿಸಿಲಲ್ಲಿ ನೋಡಿ, ನಡುಮಧ್ಯಾಹ್ನ ಬಂಡೆಯೆಲ್ಲ ಒಂದೇ ಸಮ ಕಾಣುತ್ತದೆ.