ರಾತ್ರಿ ಎರಡರಿಂದ ಬೆಳಗ್ಗೆ ಎಂಟು

2009ರ ದೀಪಾವಳಿ ಕಳೆದ ಮೇಲೆ ಬಂದ ಬ್ರಾಡ್‌ಬ್ಯಾಂಡ್ ಬಿಲ್ಲು 3,600 ರೂಪಾಯಿ ಚಿಲ್ಲರೆ. ನನ್ನ ಪ್ಲಾನ್ ತಿಂಗಳಿಗೆ 500 ರೂಪಾಯಿಯದ್ದು. ಪೋಸ್ಟ್‌ಮನ್ ಕೊಟ್ಟ ಕವರನ್ನು ಅಡಿಕೆ ಸುಲಿಯುವವರ ಮಧ್ಯೆ ನಿಂತೇ ಒಡೆದಿದ್ದೆ. "ಎಂತ ಮಾರಾಯ, ಯಾರದ್ದಾದ್ರೂ ಸುದ್ದಿ ಬಂತಾ?" ಎಂದು ಅಮ್ಮ ಗಾಬರಿಯಾದರು. ಮೊತ್ತ ಹೇಳುವ ಧೈರ್ಯ ಬರಲಿಲ್ಲ. ಫೋನ್ ಬಿಲ್ಲು ಅಂದೆ, ಸುಮ್ಮನಾದೆ.

ಆಗಿದ್ದು ಇಷ್ಟೇ. ಪ್ಲಾನ್‌ನಲ್ಲಿ ತಿಂಗಳಿಗೆ 2.5 ಜಿಬಿ ಉಚಿತ. ಅದು ಮುಗಿದ ಮೇಲೆ ಒಂದೊಂದು ಎಂಬಿಗೆ 90 ಪೈಸೆ. ಹಬ್ಬಕ್ಕೆ ಬಂದಿದ್ದ ಅಣ್ಣನ ಮಕ್ಕಳು ನಾಲ್ಕು ದಿನ ಕಂಪ್ಯೂಟರ್ ಬಿಟ್ಟು ಏಳಲಿಲ್ಲ. ಯೂಟ್ಯೂಬ್‌ಗೆ 720ಪಿ, ಅಂದರೆ 720 ಸಾಲು ಚುಕ್ಕಿಗಳ ಎಚ್‌ಡಿ ವಿಡಿಯೊ, ಬಂದು ಇನ್ನೂ ವರ್ಷವಾಗಿರಲಿಲ್ಲ. ಮಕ್ಕಳು ಅಲ್ವಾ, ಎಚ್‌ಡಿ ಎಂಬ ಗುಂಡಿ ಕಂಡರೆ ಒತ್ತದೆ ಬಿಡುತ್ತಾರಾ? ತಿಂಗಳ ಕೊನೆಗೆ ಮೀಟರ್ 5.6 ಜಿಬಿ ತೋರಿಸುತ್ತಿತ್ತು. ಹೆಚ್ಚುವರಿ 3.1 ಜಿಬಿ, ಅದರ ಮೇಲೆ ಸರ್ವಿಸ್ ಟ್ಯಾಕ್ಸ್ ಬೇರೆ.

ಅವತ್ತು ರಾತ್ರಿ ಕೂತು ಲೆಕ್ಕ ಹಾಕಿದೆ. ಆ ಲೆಕ್ಕ ಇವತ್ತಿಗೂ ಬಾಯಿಗೆ ಬರುತ್ತದೆ. 1 ಎಂಬಿಪಿಎಸ್, ಅಂದರೆ ಸೆಕೆಂಡಿಗೆ ಹತ್ತು ಲಕ್ಷ ಬಿಟ್ ವೇಗದಲ್ಲಿ ಒಂದು ಗಂಟೆ ಹರಿದರೆ 450 ಎಂಬಿ. ವಿಡಿಯೊ ಎಷ್ಟು ಎಂಬಿಪಿಎಸ್‌ನದ್ದು ಅಂತ ಗೊತ್ತಾದರೆ ಅದನ್ನು 450ರಿಂದ ಗುಣಿಸಿ, ಗಂಟೆಗೆ ಎಷ್ಟು ಖರ್ಚು ಅಂತ ಸಿಗುತ್ತದೆ. 2 ಎಂಬಿಪಿಎಸ್‌ನ 720ಪಿ ವಿಡಿಯೊಗೆ ಗಂಟೆಗೆ 900 ಎಂಬಿ. ಅಂದರೆ ನನ್ನ ಇಡೀ ತಿಂಗಳ ಪಾಲು ಮೂರು ಗಂಟೆ ನೋಡುವಷ್ಟರಲ್ಲಿ ಖಾಲಿ. ಜನ 720, 1080 ಎಂದು ಚುಕ್ಕಿ ಎಣಿಸುತ್ತಾರೆ. ಬಿಲ್ಲಿಗೆ ಚುಕ್ಕಿ ಲೆಕ್ಕವಿಲ್ಲ, ಸೆಕೆಂಡಿಗೆ ಎಷ್ಟು ಬಿಟ್ ಹರಿಯುತ್ತದೆ ಎಂಬ ಬಿಟ್‌ರೇಟ್ ಒಂದೇ ಲೆಕ್ಕ. ಇದು ತಲೆಗೆ ಹೋಗಲು ನನಗೆ ಒಂದು ಬಿಲ್ಲು ಸಾಕಾಗಲಿಲ್ಲ, ಅದನ್ನು ಮುಂದೆ ಹೇಳುತ್ತೇನೆ.

ಪ್ಲಾನ್‌ನ ಕಾಗದದಲ್ಲಿ ಸಣ್ಣ ಅಕ್ಷರದಲ್ಲಿ ಇನ್ನೊಂದು ಸಾಲಿತ್ತು. ರಾತ್ರಿ 2ರಿಂದ ಬೆಳಗ್ಗೆ 8ರವರೆಗೆ ಎಷ್ಟು ಇಳಿಸಿದರೂ ಉಚಿತ. ಈ ಆರು ಗಂಟೆಯ ಸುತ್ತ ನನ್ನ ಮೂರು ವರ್ಷ ಕಳೆಯಿತು.

ಮೊದಲ ಕೆಲವು ದಿನ ಅಲಾರಂ ಇಟ್ಟು ಎದ್ದೆ. ಮಾರನೆಯ ದಿನ ತೋಟದಲ್ಲಿ ತೂಕಡಿಕೆ. ಇದು ನಡೆಯುವ ಮಾತಲ್ಲ ಎನ್ನಿಸಿ ಕಂಪ್ಯೂಟರಿಗೇ ಕೆಲಸ ಒಪ್ಪಿಸಿದೆ. ಮೋಡೆಮ್ ತಾನೇ ಡಯಲ್ ಮಾಡಿಕೊಂಡು ಹಗಲೂ ರಾತ್ರಿ ಕನೆಕ್ಟ್ ಆಗಿಯೇ ಇರುತ್ತಿತ್ತು. ಅದನ್ನು ಬ್ರಿಡ್ಜ್ ಮೋಡ್‌ಗೆ ಹಾಕಿದೆ. ಆಗ ಡಯಲ್ ಮಾಡುವುದು, ಬಿಡುವುದು ಎರಡೂ ಕಂಪ್ಯೂಟರಿನ ಕೈಯಲ್ಲಿ. ವಿಂಡೋಸ್‌ನಲ್ಲಿ ರಾಸ್‌ಡಯಲ್ ಅಂತ ಒಂದು ಕಮಾಂಡ್ ಇದೆ. ಅದನ್ನು ನಾಲ್ಕು ಸಾಲಿನ ಬ್ಯಾಚ್ ಫೈಲ್‌ನಲ್ಲಿ ಬರೆದು ಟಾಸ್ಕ್ ಶೆಡ್ಯೂಲರ್‌ಗೆ ಕೊಟ್ಟೆ. 2:15ಕ್ಕೆ ಡಯಲ್ ಮಾಡು, ಡೌನ್‌ಲೋಡ್ ಮ್ಯಾನೇಜರ್ ತೆರೆ. 7:45ಕ್ಕೆ ಕನೆಕ್ಷನ್ ಕತ್ತರಿಸು.

ಎರಡು ಗಂಟೆಗೇ ಯಾಕಲ್ಲ ಅಂತ ಕೇಳಬಹುದು. ನನ್ನ ಗಡಿಯಾರ ಮತ್ತು ಕಂಪನಿಯ ಗಡಿಯಾರ ಒಂದೇ ಅಲ್ಲ. ಒಂದು ರಾತ್ರಿ ನನ್ನ ಕಂಪ್ಯೂಟರ್ ಕೆಲವು ನಿಮಿಷ ಮುಂದಿತ್ತು. ಎರಡಕ್ಕೆ ಮುಂಚೆ ಶುರುವಾದ ಆ ಸೆಷನ್ ಇಡಿಯಾಗಿ ಹಗಲಿನ ಲೆಕ್ಕಕ್ಕೆ ಬಿತ್ತು. ಮರುದಿನ ಮೀಟರ್ ನೋಡಿ ಎದೆ ಧಸಕ್ಕೆಂದಿತು. ಅಂದಿನಿಂದ ಆಚೆ ಹದಿನೈದು ನಿಮಿಷ, ಈಚೆ ಹದಿನೈದು ನಿಮಿಷ ಬಿಟ್ಟುಬಿಟ್ಟೆ. ದಿನಕ್ಕೆ ಅರ್ಧ ಗಂಟೆ ಹೋದರೂ ನಿದ್ದೆ ಚೆನ್ನಾಗಿ ಬರುತ್ತಿತ್ತು.

ಆಮೇಲೆ ಕರೆಂಟು. ಸಾಗರದ ಕಡೆಯ ತೋಟದ ಮನೆ ನಮ್ಮದು. ಮಳೆಗಾಲದಲ್ಲಿ ಲೈನಿನ ಮೇಲೆ ಮರ ಬೀಳದ ವಾರ ಇಲ್ಲ. ಯುಪಿಎಸ್ ಇಪ್ಪತ್ತು ನಿಮಿಷ ಎಳೆಯುತ್ತಿತ್ತು, ಅಷ್ಟೇ. ಕರೆಂಟ್ ವಾಪಸ್ ಬಂದ ಕೂಡಲೇ ಕಂಪ್ಯೂಟರ್ ತಾನಾಗಿಯೇ ಆನ್ ಆಗುವ ಆಯ್ಕೆ ಬಯಾಸ್‌ನಲ್ಲಿ, ಅಂದರೆ ವಿಂಡೋಸ್‌ಗೂ ಮುಂಚೆ ತೆರೆಯುವ ಸೆಟ್ಟಿಂಗ್‌ನಲ್ಲಿ, ಸಿಕ್ಕಿತು. ಆನ್ ಆದ ಮೇಲೆ ಸಮಯ ನೋಡಿ, 2:15ರಿಂದ 7:45ರ ಒಳಗಿದ್ದರೆ ಮಾತ್ರ ಡಯಲ್ ಮಾಡು ಅಂತ ಬ್ಯಾಚ್ ಫೈಲ್‌ಗೆ ಇನ್ನೊಂದು ಸಾಲು ಸೇರಿಸಿದೆ. ಇಷ್ಟಾದ ಮೇಲೂ ಒಂದು ತೊಂದರೆ ಉಳಿದಿತ್ತು, ಅದು ಅಮ್ಮ. ಐದು ಗಂಟೆಗೆ ಬಚ್ಚಲ ಒಲೆಗೆ ಬೆಂಕಿ ಹಾಕಲು ಏಳುತ್ತಿದ್ದರು. ಕತ್ತಲೆ ಕೋಣೆಯಲ್ಲಿ ಮಿಣುಕುವ ಹಸಿರು ದೀಪಗಳು ಕಂಡರೆ, ಪಾಪ ಹುಡುಗ ಮರೆತು ಮಲಗಿದ ಅಂತ ಗೋಡೆಯ ಸ್ವಿಚ್ಚೇ ಆರಿಸಿ ಹೋಗುತ್ತಿದ್ದರು. ಕೊನೆಗೆ ಸ್ವಿಚ್ಚಿನ ಮೇಲೆ ಕೆಂಪು ಟೇಪ್ ಅಂಟಿಸಿದೆ. "ಮುಟ್ಟಬೇಡಿ ಅಂದ್ರೆ ಮುಟ್ಟಲ್ಲಪ್ಪ, ಟೇಪ್ ಎಂತಕ್ಕೆ?" ಎಂದು ಎರಡು ದಿನ ಮುಖ ಊದಿಸಿಕೊಂಡಿದ್ದರು.

ಇಷ್ಟೆಲ್ಲ ಏನನ್ನು ಇಳಿಸಲು? ಐಐಟಿ ಮತ್ತು ಐಐಎಸ್‌ಸಿ ಮೇಷ್ಟ್ರುಗಳು ಆನ್‌ಲೈನ್‌ನಲ್ಲಿ ಉಚಿತವಾಗಿ ಕೊಡುವ ಎನ್‌ಪಿಟೆಲ್ ವಿಡಿಯೊ ಪಾಠಗಳು, ವಿಂಡೋಸ್ ಬದಲು ಹಾಕಿಕೊಳ್ಳಬಹುದಾದ ಉಚಿತ ಉಬುಂಟುವಿನ ಡಿವಿಡಿ, ಗೆಳೆಯರು ಕಳಿಸುವ ಯಕ್ಷಗಾನದ ರೆಕಾರ್ಡಿಂಗ್. ನಿಜವಾದ ಪರೀಕ್ಷೆ ಬಂದಿದ್ದು 2010ರಲ್ಲಿ, ಅಕ್ಕನ ಮಗಳ ರಂಗಪ್ರವೇಶದಿಂದ.

ಅಕ್ಕ ಇರುವುದು ಕ್ಯಾಲಿಫೋರ್ನಿಯಾದಲ್ಲಿ. ಭಾವ ಹೊಸ ಎಚ್‌ಡಿ ಕ್ಯಾಮೆರಾ ತಂದು ಇಡೀ ಕಾರ್ಯಕ್ರಮ ಹಿಡಿದಿದ್ದರು. ಅಮ್ಮನಿಗೆ ಹೋಗಲು ಆಗಿರಲಿಲ್ಲ. ಡಿವಿಡಿ ಪೋಸ್ಟ್ ಮಾಡಿ ಅಂದರೆ, "ಡಿವಿಡಿಯಲ್ಲಿ ಎಚ್‌ಡಿ ಎಲ್ಲಿ ಬರುತ್ತೆ ಕಣೋ, ಕ್ಲ್ಯಾರಿಟಿ ಹೋಗುತ್ತೆ. ಸರ್ವರ್‌ಗೆ ಹಾಕ್ತೀನಿ, ಇಳಿಸ್ಕೋ" ಎಂದರು ಭಾವ. ಕ್ಯಾಮೆರಾ 17 ಎಂಬಿಪಿಎಸ್‌ನದ್ದು. ನನ್ನ ಸೂತ್ರಕ್ಕೆ ಹಾಕಿದರೆ ಗಂಟೆಗೆ 7.6 ಜಿಬಿ. ಒಂದೂವರೆ ಗಂಟೆಯ ನೃತ್ಯ ಹನ್ನೊಂದೂವರೆ ಜಿಬಿ. ಹಗಲಲ್ಲಿ ಇಳಿಸಿದರೆ ಎಂಟು ಸಾವಿರ ರೂಪಾಯಿ ದಾಟುತ್ತದೆ.

ನಾನು ಮಿತಿಯ ವಿಷಯ ಎತ್ತಿದಾಗ ಭಾವ ನಕ್ಕರು. ಅಲ್ಲೂ ಮಿತಿ ಇತ್ತು. ಅಲ್ಲಿನ ಇಂಟರ್ನೆಟ್ ಕಂಪನಿ ಕಾಮ್‌ಕಾಸ್ಟ್ 2008ರ ಅಕ್ಟೋಬರ್‌ನಿಂದ ಮನೆ ಗ್ರಾಹಕರಿಗೆ ತಿಂಗಳಿಗೆ 250 ಜಿಬಿ ಗೆರೆ ಎಳೆದಿತ್ತು. ಆ ವರ್ಷದ ಶುರುವಿನಲ್ಲೇ ಆಪಲ್ ಎಚ್‌ಡಿ ಸಿನಿಮಾ ಬಾಡಿಗೆಗೆ ಕೊಡಲು ಆರಂಭಿಸಿತ್ತು, ಜನ ಮನೆಯಲ್ಲೇ ಕೂತು ಜಿಬಿಗಟ್ಟಲೆ ಇಳಿಸುವ ಕಾಲ ಬಂದಿತ್ತು. 250 ಅಂದರೆ ನನ್ನ ಪಾಲಿನ ನೂರು ಪಟ್ಟು. ಆದರೆ ಅವರಿಗೆ ಅಪ್‌ಲೋಡ್ ವೇಗ ಕಡಿಮೆ. 1 ಎಂಬಿಪಿಎಸ್‌ನಲ್ಲಿ ಹನ್ನೊಂದೂವರೆ ಜಿಬಿ ಏರಿಸಲು ಒಂದು ಹಗಲು, ಒಂದು ರಾತ್ರಿ ಪೂರ್ತಿ ಬೇಕಾಯಿತು. ಇಳಿಸುವವನ ಕಷ್ಟ ಏರಿಸುವವನಿಗೆ ಅಂದು ಗೊತ್ತಾಯಿತು ಎಂದುಕೊಂಡೆ.

ಒಂದೇ ದೊಡ್ಡ ಫೈಲ್ ಬೇಡ, ಸೆವೆನ್‌ಜಿಪ್ ಎಂಬ ತಂತ್ರಾಂಶದಲ್ಲಿ 500 ಎಂಬಿಯ ತುಂಡು ಮಾಡಿ ಅಂದಿದ್ದೆ. ಮೊದಲಾಗಿದ್ದರೆ ಹೇಳುತ್ತಿರಲಿಲ್ಲ. ಮುಂಚೆ ಒಂದು ಡಿವಿಡಿ ಇಮೇಜ್ ಪೂರ್ತಿ ಇಳಿದು, ಕೊನೆಗೆ ಫೈಲ್ ಸರಿಯಾಗಿ ಬಂದಿದೆಯಾ ಎಂದು ತಾಳೆ ನೋಡುವ ಚೆಕ್‌ಸಮ್ ಹೊಂದದೆ, ಮೊದಲಿಂದ ಇಳಿಸಿದ ಅನುಭವವಿತ್ತು. ತುಂಡಾಗಿದ್ದರೆ ಕೆಟ್ಟ ತುಂಡು ಮಾತ್ರ ಮತ್ತೆ ತಂದರಾಯಿತು. ಒಟ್ಟು 23 ತುಂಡು. ಟೆಲಿಫೋನ್ ಎಕ್ಸ್‌ಚೇಂಜ್‌ನಿಂದ ಎರಡೂವರೆ ಕಿಲೋಮೀಟರ್ ತಾಮ್ರದ ತಂತಿ ದಾಟಿ ಬರುವ ನನ್ನ 2 ಎಂಬಿಪಿಎಸ್, ನಿಜಕ್ಕೆ 1.6. ರಾತ್ರಿಗೆ 4 ಜಿಬಿ. ಮೂರು ರಾತ್ರಿಯ ಕೆಲಸ. ಎರಡನೇ ರಾತ್ರಿ ಗುಡುಗು ಶುರುವಾಗಿ ನಾನೇ ಎದ್ದು ಫೋನ್ ತಂತಿ ಕಿತ್ತೆ. ಸಿಡಿಲಿಗೆ ಮೋಡೆಮ್ ಸುಟ್ಟರೆ ಹೊಸದಕ್ಕೆ ಪೇಟೆ ಅಲೆಯಬೇಕು. ಹಾಗಾಗಿ ನಾಲ್ಕು ರಾತ್ರಿ ಹಿಡಿಯಿತು.

ಐದನೇ ದಿನ ಬೆಳಗ್ಗೆ ಅಮ್ಮ ಸೀರೆ ಬದಲಿಸಿ ಬಂದು ಕೂತರು. ಪಕ್ಕದ ಮನೆಯವರನ್ನೂ ಕರೆದಿದ್ದರು. ತುಂಡುಗಳನ್ನು ಜೋಡಿಸಿ ಪ್ಲೇ ಒತ್ತಿದೆ. ಮೊಮ್ಮಗಳು ಒಂದು ಕಾಲೆತ್ತಿದಳು. ಎತ್ತಿದ ಕಾಲು ಹಾಗೇ ನಿಂತಿತು. ಮೃದಂಗದ ಸದ್ದು ಮುಂದೆ ಹೋಯಿತು. ನಾಲ್ಕು ಸೆಕೆಂಡಿನ ಮೇಲೆ ಇನ್ನೆಲ್ಲೋ ಬೇರೆ ಭಂಗಿಯಲ್ಲಿ ಕಂಡಳು. ನನ್ನ ಪೆಂಟಿಯಂ 4ಕ್ಕೆ 1080ರ, ಎಚ್.264 ವಿಧಾನದಲ್ಲಿ ಒತ್ತಿ ಕುಗ್ಗಿಸಿದ ವಿಡಿಯೊ ಬಿಡಿಸಿ ತೋರಿಸುವ ತಾಕತ್ತೇ ಇರಲಿಲ್ಲ. "ಅಮೆರಿಕದಲ್ಲಿ ಹೀಗೇ ಕುಣಿಯೋದಾ?" ಎಂದರು ಪಕ್ಕದ ಮನೆಯ ಅಜ್ಜಿ.

ಮತ್ತೆ ಭಾವನಿಗೆ ಫೋನ್. ಅವರ ಕಂಪ್ಯೂಟರ್ ಗಟ್ಟಿ. ವಿಡಿಯೊ ಕುಗ್ಗಿಸುವ ಹ್ಯಾಂಡ್‌ಬ್ರೇಕ್ ತಂತ್ರಾಂಶಕ್ಕೆ ಹಾಕಿ 720ಪಿಗೆ ಇಳಿಸಿ, ಬಿಟ್‌ರೇಟ್ 3 ಎಂಬಿಪಿಎಸ್ ಸಾಕು ಅಂದೆ. ಅವರಿಗೆ ಮನಸ್ಸಿರಲಿಲ್ಲ, ಕ್ಲ್ಯಾರಿಟಿಯ ಮಾತು ಮತ್ತೆ ಬಂತು. ಕೊನೆಗೆ ಮಾಡಿದರು. ಹನ್ನೊಂದೂವರೆ ಜಿಬಿ ಇದ್ದದ್ದು 2 ಜಿಬಿ ಆಯಿತು, ಒಂದೇ ರಾತ್ರಿಗೆ ಇಳಿಯಿತು. ಪೆನ್‌ಡ್ರೈವ್‌ಗೂ ಹಿಡಿಯಿತು. ಪೆನ್‌ಡ್ರೈವ್ ಫ್ಯಾಟ್32 ಎಂಬ ಹಳೇ ಫಾರ್ಮ್ಯಾಟಿನದ್ದಾದರೆ 4 ಜಿಬಿಗಿಂತ ದೊಡ್ಡ ಫೈಲ್ ಒಂದನ್ನು ಅದು ತೆಗೆದುಕೊಳ್ಳುವುದಿಲ್ಲ. ಜಾಗ ಎಷ್ಟಿದ್ದರೂ ಡಿಸ್ಕ್ ತುಂಬಿದೆ ಎನ್ನುತ್ತದೆ. ಇದು ಗೊತ್ತಿಲ್ಲದೆ ಅಂಗಡಿಗೆ ಪೆನ್‌ಡ್ರೈವ್ ವಾಪಸ್ ಕೊಡಲು ಹೋದವರನ್ನು ನಾನು ಬಲ್ಲೆ.

ಪಕ್ಕದ ಮನೆಯ 32 ಇಂಚಿನ ಎಚ್‌ಡಿ ರೆಡಿ ಟಿವಿಯಲ್ಲಿ ಹಾಕಿದೆವು. ಅದರ ಪರದೆಯೇ 1366 ಅಡ್ಡ 768. ಅದಕ್ಕೆ 1080 ಕೊಟ್ಟರೂ ಅದು ತೋರಿಸುವುದು ಅಷ್ಟೇ. ಹತ್ತಿರ ಹೋಗಿ ನೋಡಿದರೆ ಹಿಂದಿನ ಕಪ್ಪು ಪರದೆಯಲ್ಲಿ ಚೌಕ ಚೌಕ ಕಲೆ ಕಾಣುತ್ತಿತ್ತು. ಬಿಟ್‌ರೇಟ್ ಇಳಿಸಿದಾಗ ಏಟು ಮೊದಲು ಬೀಳುವುದು ಕತ್ತಲೆಗೆ, ಆಮೇಲೆ ಜೋರು ಚಲನೆಗೆ. ತಿಲ್ಲಾನದ ಹೊತ್ತಿಗೆ ಬೆರಳುಗಳು ಸ್ವಲ್ಪ ಕಲಸಿದಂತೆ ಇದ್ದವು. ನಾನು ಆ ಚೌಕಗಳನ್ನೇ ನೋಡುತ್ತಿದ್ದೆ. ಅಮ್ಮ ಮೊಮ್ಮಗಳ ಕಿವಿಯ ಬುಗುಡಿ ನೋಡುತ್ತಿದ್ದರು. ಅದು ಅವರೇ ಕೊಟ್ಟು ಕಳಿಸಿದ್ದು.

ಆಮೇಲೆ ಅನ್‌ಲಿಮಿಟೆಡ್ ಪ್ಲಾನ್‌ಗಳು ಬಂದವು. ಹೆಸರಿಗೆ ಅನ್‌ಲಿಮಿಟೆಡ್, ಇಷ್ಟು ಜಿಬಿ ದಾಟಿದ ಮೇಲೆ ವೇಗ 256 ಕೆಬಿಪಿಎಸ್. ಅಂದರೆ ಗಂಟೆಗೆ 115 ಎಂಬಿ. ಈ ಲೆಕ್ಕದಲ್ಲಿ ಒಂದು ಗಂಟೆಯ ಸಾಧಾರಣ ವಿಡಿಯೊ ಇಳಿಯಲು ಆರು ಗಂಟೆ. ಬಿಲ್ಲಿನ ಹೆದರಿಕೆ ಹೋಯಿತು ಎನ್ನುವುದು ನಿಜ, ಅದಕ್ಕೆ ನಾನು ಆ ಪ್ಲಾನ್‌ಗಳನ್ನು ಬೈಯುವುದಿಲ್ಲ. ಆದರೆ ಆ ಪದಕ್ಕೆ ಸ್ವಲ್ಪ ನಾಚಿಕೆ ಆಗಬೇಕಿತ್ತು. 2016ರ ಕೊನೆಗೆ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್, ಮಿತಿ ಮುಗಿದ ಮೇಲೂ 512 ಕೆಬಿಪಿಎಸ್‌ಗಿಂತ ಇಳಿಸಬಾರದು ಎಂದಿತು. ಅಷ್ಟರಲ್ಲಿ ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಜಿಯೊ ಬಂದಾಗಿತ್ತು, ಊರಿನ ಹುಡುಗರು ಸಿಗ್ನಲ್ ಹುಡುಕಿ ಗುಡ್ಡ ಹತ್ತಲು ಶುರುಮಾಡಿದ್ದರು.

ಈಗ ಮನೆಗೆ ಫೈಬರ್ ಇದೆ. ಮಿತಿ ತಿಂಗಳಿಗೆ 3,300 ಜಿಬಿ. ಹಳೇ ಚಟ, ಲೆಕ್ಕ ಹಾಕಿದೆ. 8 ಎಂಬಿಪಿಎಸ್‌ನ ಒಳ್ಳೇ ಎಚ್‌ಡಿ ನೋಡಿದರೆ 900 ಗಂಟೆಗೂ ಜಾಸ್ತಿ ಬರುತ್ತದೆ. 30 ದಿನದ ತಿಂಗಳಿಗೆ ಇರುವುದೇ 720 ಗಂಟೆ. ಮಲಗದೆ ನೋಡಿದರೂ ಒಂದು ಟಿವಿಯಲ್ಲಿ ಮುಗಿಸಲು ಆಗುವುದಿಲ್ಲ.

ಮಗಳು ಮೈಸೂರಿನ ಹಾಸ್ಟೆಲ್‌ನಲ್ಲಿದ್ದಾಳೆ. ಅಲ್ಲಿ ವೈಫೈ ಹೆಸರಿಗೆ ಮಾತ್ರ, ಫೋನಿನ ದಿನಕ್ಕೆ 1.5 ಜಿಬಿಯೇ ಗತಿ. ಮೊನ್ನೆ ರಾತ್ರಿ ಹನ್ನೊಂದೂಮುಕ್ಕಾಲಿಗೆ ಫೋನ್ ಮಾಡಿದರೆ, "ಅಪ್ಪಾ, ಈಗ ಮಾತಾಡಕ್ಕಾಗಲ್ಲ. ಇವತ್ತಿಂದು 600 ಎಂಬಿ ಉಳಿದಿದೆ, ಹನ್ನೆರಡರೊಳಗೆ ಕ್ಲಾಸ್ ವಿಡಿಯೊ ಇಳಿಸ್ಕೋಬೇಕು" ಎಂದಳು. ಹನ್ನೆರಡರವರೆಗೂ ಕಾಯಬೇಡ, ಐದು ನಿಮಿಷ ಮುಂಚೆ ನಿಲ್ಲಿಸು, ಕಂಪನಿಯ ಗಡಿಯಾರ ಬೇರೆ ಇರುತ್ತದೆ ಎಂದೆ. "ಅದೆಲ್ಲ ಗೊತ್ತಪ್ಪ" ಎಂದು ಫೋನ್ ಇಟ್ಟಳು.