ಎಡಗಡೆ ಸೀಟಿನಲ್ಲಿ ಕೂತು ಕಲಿತದ್ದು

ಎರಡು ಹಾಳೆ ಒಟ್ಟಿಗೆ ತಿರುಗಿಬಿಟ್ಟಿದ್ದವು. ಚಿಕ್ಕಮಗಳೂರಿನ ಕಾಫಿ ತೋಟದೊಳಗಿನ ಕಾರ್ ರ‍್ಯಾಲಿಯ ಸ್ಟೇಜ್ ಅದು, ಅಂದ್ರೆ ಗಡಿಯಾರದ ಎದುರು ಓಡಿಸುವ ರಸ್ತೆಯ ತುಂಡು. ನಾನು "ಎಡ 5" ಅಂತ, ಅಂದ್ರೆ ಎಡಕ್ಕೆ ಸಲೀಸು ತಿರುವು ಅಂತ ಓದಿದೆ, ಎದುರಿಗೆ ಬಂದದ್ದು ಬಲಕ್ಕೆ ಪೂರ್ತಿ ಹಿಂದಕ್ಕೆ ಹೊರಳುವ ಹೇರ್‌ಪಿನ್. ಓಡಿಸುತ್ತಿದ್ದ ಅಕ್ಕ ಹೇಗೋ ತಿರುಗಿಸಿಕೊಂಡರು. "ಜಾಗ ತಪ್ಪಿದೆ ಅಕ್ಕ, ನೋಡ್ಕೊಂಡು ಹೋಗಿ" ಅಂದೆ. ಗುರುತು ಹಿಡಿಯುವಂಥ ಮುಂದಿನ ತಿರುವು ಸಿಗುವ ತನಕ ಬಾಯಿ ಬಿಡಲಿಲ್ಲ. ಅಂದಾಜಿನಲ್ಲಿ ಓದುವುದಕ್ಕಿಂತ ಸುಮ್ನಿರೋದೇ ಮೇಲು.

ನಾನು ರ‍್ಯಾಲಿಯಲ್ಲಿ ಕೋ-ಡ್ರೈವರ್, ಎಡಗಡೆ ಸೀಟಿನಲ್ಲಿ ಕೂತು ಮುಂದೆ ಬರುವ ತಿರುವುಗಳ ನೋಟ್ಸ್ ಓದಿ ಹೇಳುವುದು ನನ್ನ ಪಾಲು. ನಮ್ಮ ಕೆಲಸ ಶುರುವಾಗುವುದು ರೆಕ್ಕಿಯಲ್ಲಿ, ಅಂದ್ರೆ ಸ್ಪರ್ಧೆಗೆ ಮುಂಚೆ ರಸ್ತೆ ನೋಡಿಕೊಂಡು ಬರುವ ಓಡಾಟದಲ್ಲಿ. ಮೊದಲ ಸಲ ನಿಧಾನವಾಗಿ ಹೋಗುವಾಗ ಅಕ್ಕ ತಿರುವು ನೋಡಿ ಹೇಳುತ್ತಾರೆ, ನಾನು ಪೆನ್ಸಿಲ್‌ನಲ್ಲಿ ಬರೆದುಕೊಳ್ಳುತ್ತೇನೆ. ನಮ್ಮ ಲೆಕ್ಕದಲ್ಲಿ 1 ಅಂದ್ರೆ ತುಂಬಾ ಬಿಗಿ, 6 ಅಂದ್ರೆ ಹೆಚ್ಚುಕಡಿಮೆ ನೇರ. ಎರಡನೇ ಸಲ ನಾನು ಓದುತ್ತೇನೆ, ಅವರು ತಿದ್ದುತ್ತಾರೆ. ತೋಟದ ರಸ್ತೆಯಲ್ಲಿ ಅಂಕಿಗಿಂತ ಅದರ ಪಕ್ಕದ ಮಾತಿಗೆ ಬೆಲೆ ಜಾಸ್ತಿ. "80, ದಿಬ್ಬದ ಮೇಲೆ ಬಲ 3, ಕಟ್ ಬೇಡ." ಅಂದ್ರೆ 80 ಮೀಟರ್ ಆದಮೇಲೆ ಆ ತಿರುವು, ಒಳಮಗ್ಗುಲು ಸವರಿಕೊಂಡು ಹೋಗಬೇಡಿ ಅಂತ. ಆ ತಿರುವಿನ ಒಳಮಗ್ಗುಲಲ್ಲಿ ಹುಲ್ಲು ಮುಚ್ಚಿಕೊಂಡ ಮೋರಿ ಕಲ್ಲಿದೆ. ಆ "ಕಟ್ ಬೇಡ" ನುಂಗಿದರೆ ಚಕ್ರ ಹೋಯಿತು ಅಂತಲೇ ಲೆಕ್ಕ.

ಎಡಗಡೆ ಸೀಟು ಅಂದ್ರೆ ಕಡಿಮೆಯಾ ಅಂತ ಹೊಸ ಹುಡುಗಿಯರು ಕೇಳುತ್ತಾರೆ. ಆಗ ನಾನು ಫ್ರಾನ್ಸ್‌ನ ಮಿಶೆಲ್ ಮೂಟನ್ ಕತೆ ಹೇಳುತ್ತೇನೆ. ಅವರೂ 1970ರ ದಶಕದ ಶುರುವಿನಲ್ಲಿ ಗೆಳೆಯರೊಬ್ಬರಿಗೆ ನೋಟ್ಸ್ ಓದುತ್ತಲೇ ಈ ಆಟಕ್ಕೆ ಬಂದವರು. ಓಡಿಸುವ ಆಸೆಯಿದ್ದರೆ ಓಡಿಸು ಅಂತ ಕಾರು ಕೊಡಿಸಿದ್ದು ಅಪ್ಪ. ಸಾಮರ್ಥ್ಯ ತೋರಿಸಲು ಕೊಟ್ಟಿದ್ದು ಒಂದು ವರ್ಷದ ಗಡುವು. 1981ರಲ್ಲಿ ಆಡಿ ಕ್ವಾಟ್ರೊ ಕಾರಿನಲ್ಲಿ ಇಟಲಿಯ ಸ್ಯಾನ್‌ರೆಮೊ ರ‍್ಯಾಲಿ ಗೆದ್ದರು. ವಿಶ್ವ ಚಾಂಪಿಯನ್‌ಶಿಪ್‌ನ ಸುತ್ತೊಂದನ್ನು ಒಬ್ಬ ಹೆಣ್ಣುಮಗಳು ಗೆದ್ದದ್ದು ಅದೇ ಮೊದಲು. ಪಕ್ಕದಲ್ಲಿ ನೋಟ್ಸ್ ಓದಿದವರು ಇಟಲಿಯ ಫ್ಯಾಬ್ರಿಜಿಯಾ ಪೊನ್ಸ್. ಆ ಕಾರಿನಲ್ಲಿದ್ದದ್ದು ಇಬ್ಬರು ಹೆಂಗಸರು, ಅಲ್ವಾ!

ಮರುವರ್ಷ ಪೋರ್ಚುಗಲ್, ಗ್ರೀಸ್, ಬ್ರೆಜಿಲ್ ಮೂರೂ ಕಡೆ ಗೆಲುವು. ವಿಶ್ವ ಕಿರೀಟ ಕೈಗೆಟುಕುವ ಹೊತ್ತಿನಲ್ಲಿ, ಐವರಿ ಕೋಸ್ಟ್ ರ‍್ಯಾಲಿ ಶುರುವಾಗುವ ಮುಂಚೆ, ಅಪ್ಪ ತೀರಿಕೊಂಡ ಸುದ್ದಿ ಬಂತು. ಆದರೂ ಓಡಿಸಿದರು. ಮುಂದೆಯೂ ಇದ್ದರು. ಆಮೇಲೆ ಗೇರ್‌ಬಾಕ್ಸ್ ಕೈಕೊಟ್ಟಿತು, ಕೊನೆಗೆ ಕಾರು ರಸ್ತೆ ಬಿಟ್ಟಿತು. ಕಿರೀಟ ಎದುರಾಳಿ, ಜರ್ಮನಿಯ ವಾಲ್ಟರ್ ರೋರ್ಲ್ ಪಾಲಾಯಿತು. ಈ ಕತೆ ಹೇಳುವಾಗೆಲ್ಲ ನನಗೆ ಪೊನ್ಸ್ ನೆನಪಾಗುತ್ತಾರೆ. ಅಂಥ ದುಃಖದಲ್ಲಿರುವವರ ಪಕ್ಕ ಕೂತು, ಒಂದೊಂದೇ ತಿರುವನ್ನು ದನಿ ನಡುಗದಂತೆ ಓದಬೇಕು. ನನ್ನ ಮಟ್ಟಿಗೆ ಈ ಕೆಲಸದಲ್ಲಿ ಅದಕ್ಕಿಂತ ಕಷ್ಟದ್ದು ಇಲ್ಲ.

ಈಗ ರ‍್ಯಾಲಿಯ ಹಿಂದಿನ ರಾತ್ರಿ ಪ್ರತಿ ಹಾಳೆಯ ಕೆಳಮೂಲೆ ಮಡಚುತ್ತೇನೆ, ಗ್ಲೌಸ್ ಹಾಕಿದ ಬೆರಳಿಗೂ ಒಂದೇ ಹಾಳೆ ಸಿಗಲಿ ಅಂತ. ಪ್ರತಿ ಹಾಳೆಯ ಕೊನೆಯ ಸಾಲನ್ನು ಮುಂದಿನ ಹಾಳೆಯ ತಲೆಯ ಮೇಲೆ ಇನ್ನೊಮ್ಮೆ ಬರೆಯುತ್ತೇನೆ. ಎರಡೂ ಹೊಂದದಿದ್ದರೆ ಹಾಳೆ ಹಾರಿದೆ ಅಂತ ತಿರುವು ಬರುವ ಮುಂಚೆಯೇ ಗೊತ್ತಾಗುತ್ತದೆ.