ಕೂಸು ಆಡಿಸುವ ಅಕ್ಕ ಜಡ್ಡು ಬಿದ್ದರೆ: ಕಲಬುರಗಿಗೆ ಬಂದ ಹೊಸಬರಿಗೆ ಮಾರ್ಗದರ್ಶಿ

ಕಲಬುರಗಿಗೆ ವರ್ಗವಾಗಿ ಬಂದವರು ನಮ್ಮ ಕನ್ನಡ ಸಂಘಕ್ಕೆ ಫೋನ್ ಮಾಡಿದರೆ ಮೊದಲು ಕೇಳುವುದು, ನಳಕ್ಕೆ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ ಅಂತ. ಎರಡನೆಯದು, ಕೂಸು ನೋಡಿಕೊಳ್ಳಲು ಯಾರಾದರೂ ಸಿಗುತ್ತಾರಾ ಅಂತ. ಗಂಡನಿಗೆ ಸೇಡಂ ಕಡೆಯ ಸಿಮೆಂಟ್ ಕಾರ್ಖಾನೆಯಲ್ಲಿ ಕೆಲಸ, ಹೆಂಡತಿಗೆ ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ. ಅಜ್ಜಿ ಮೈಸೂರಿನಲ್ಲೋ ಪುತ್ತೂರಿನಲ್ಲೋ ಇರುತ್ತಾರೆ. ಇಂಥ ಮನೆಗಳೇ ಜಾಸ್ತಿ. ಆಯಾ ಸಿಗುವ ತನಕ ಎಲ್ಲರಿಗೂ ಗಡಿಬಿಡಿ. ಸಿಕ್ಕ ಮೇಲೆ ಆಕೆಯ ಬಗ್ಗೆ ಯೋಚಿಸುವುದನ್ನೇ ಬಿಟ್ಟುಬಿಡುತ್ತೇವೆ.

ನೀರಿನ ಬಗ್ಗೆ ಬೇರೆ ಹಾಳೆ ಇದೆ. ಇದು ಕೂಸು ನೋಡುವವರ ಬಗ್ಗೆ. ಅದರಲ್ಲೂ ಊರಿಗೆ ದೊಡ್ಡ ಜಡ್ಡು, ಅಂದರೆ ಕಾಯಿಲೆ, ಬಂದಾಗ ಅವರಿಗಾಗಿ ನೀವು ಏನು ಮಾಡಬಹುದು ಅನ್ನುವುದರ ಬಗ್ಗೆ.

ಕೊರೊನಾ ಬಂದು ಹೋಯಿತಲ್ಲ, ಈಗ್ಯಾಕೆ ಅನ್ನಬೇಡಿ. ದೇಶದಲ್ಲಿ ಕೊರೊನಾದಿಂದ ಮೊದಲ ಸಾವು ದಾಖಲಾದದ್ದು ನಮ್ಮ ಊರಿನವರದೇ. 2020ರ ಮಾರ್ಚ್ 10ರಂದು 76 ವರ್ಷದ ಹಿರಿಯರೊಬ್ಬರು ತೀರಿಕೊಂಡರು. ಅದು ಕೊರೊನಾ ಅಂತ ಖಚಿತವಾದದ್ದು 12ಕ್ಕೆ. ದೇಶಕ್ಕೆ ಲಾಕ್‌ಡೌನ್ ಬಂದದ್ದು 25ಕ್ಕೆ. ನಮ್ಮಲ್ಲಿ ಅದಕ್ಕೂ ಮೊದಲೇ ಜನ ಹೆದರಿ ಬಾಗಿಲು ಹಾಕಿಕೊಂಡರು. ಮೊದಲು ಹೊರಗುಳಿದವರು ಮನೆಗೆಲಸದವರು ಮತ್ತು ಕೂಸು ಆಡಿಸುವವರು. ಆಗ ನಾವು ಮಾಡಿದ ತಪ್ಪುಗಳಿಂದಲೇ ಈ ಹಾಳೆ ಹುಟ್ಟಿದೆ.

ಮೊದಲು ಮಾತಿನ ವಿಚಾರ

ನೀವು ದಕ್ಷಿಣದ ಕಡೆಯವರಾದರೆ ಅಲ್ಲಿ 'ಬಾಮ್ಮ, ಕೂತ್ಕೋ' ಅಂದರೆ ಪ್ರೀತಿ. ಇಲ್ಲಿ ಅದು ಬರೀ ಏಕವಚನ. 'ಬರ್ರಿ ಅಕ್ಕಾ, ಕೂಡ್ರಿ' ಅನ್ನಿ. ವಯಸ್ಸಾದವರಿಗೆ ಆಯಿ, ಇಲ್ಲವೇ ಅವ್ವ. ಮರಾಠಿ ಮಾತಾಡುವವರಿಗೆ ಮಾವಶಿ, ಮುಸ್ಲಿಂ ಮನೆಯವರಿಗೆ ಖಾಲಾ. ಅಂಗನವಾಡಿ ಟೀಚರಿಗೆ ಹಳ್ಳಿಗಳಲ್ಲಿ ಅಕ್ಕೋರು ಅನ್ನುತ್ತಾರೆ. ಮುಂದೆ ಸಂಬಳ, ಜ್ವರ, ರಜೆ ಅಂತ ಕಷ್ಟದ ಮಾತು ಆಡುವುದು ಇದೆ. ಮೊದಲ ದಿನದಿಂದಲೇ 'ರೀ' ಹಚ್ಚಿ ಮಾತಾಡಿದ್ದರೆ ಅದು ಸಲೀಸಾಗುತ್ತದೆ.

ಬಾಗಿಲು ಮುಚ್ಚಿದ ತಿಂಗಳ ಸಂಬಳ

ನಮ್ಮ ಸದಸ್ಯರೊಬ್ಬರ ಮನೆಗೆ ಇದೇ ಊರಿನ ಗಾಜಿಪುರದಿಂದ ಒಬ್ಬ ಅಕ್ಕ ಬರುತ್ತಿದ್ದರು. 2020ರ ಮಾರ್ಚ್ ಕೊನೆಗೆ 'ಸ್ವಲ್ಪ ದಿನ ಬರಬೇಡಿ' ಅಂತ ಫೋನ್‌ನಲ್ಲಿ ಹೇಳಿದರು. ಸಂಬಳದ ಮಾತು ಇವರೂ ಎತ್ತಲಿಲ್ಲ, ಆಕೆಯೂ ಕೇಳಲಿಲ್ಲ. ಜೂನ್‌ನಲ್ಲಿ ಕರೆದಾಗ ಆಕೆ ಬೇಳೆ ಮಿಲ್ಲಿನಲ್ಲಿ ಕೂಲಿಗೆ ಸೇರಿಯಾಗಿತ್ತು. ಕೂಸು ಹೊಸಬರ ಕೈಗೆ ಹೋಗದೆ ಎರಡು ವಾರ ಅತ್ತಿತು. 'ನೀವು ಒಂದು ಫೋನ್ ಮಾಡಬಹುದಿತ್ತಲ್ರೀ' ಅಂತ ಆಕೆ ಆಮೇಲೆ ಅಂದರಂತೆ. ತಪ್ಪು ನಮ್ಮವರದೇ.

ಹಾಗಾಗಿ ಕೆಲಸಕ್ಕೆ ಸೇರಿಸಿಕೊಳ್ಳುವ ದಿನವೇ ಮೂರು ಮಾತು ಮುಗಿಸಿ. ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಇಟ್ಟುಕೊಂಡರೆ ಇನ್ನೂ ಒಳ್ಳೆಯದು.

ಮೊದಲನೆಯದು, ಸರ್ಕಾರ ಬಂದ್ ಮಾಡಿದರೆ ಅಥವಾ ನೀವೇ ಬರಬೇಡಿ ಅಂದರೆ ಸಂಬಳ ಎಷ್ಟು. ನಿಮ್ಮ ಸಂಬಳ ಪೂರ್ತಿ ಬರುವ ತನಕ ಆಕೆಗೂ ಪೂರ್ತಿ ಕೊಡಿ ಅನ್ನುವುದು ನಮ್ಮ ಅಭಿಪ್ರಾಯ. ನಿಮ್ಮದೇ ಅರ್ಧವಾದರೆ ಆಕೆಗೂ ಅರ್ಧ. ಆದರೆ ಅದನ್ನು ಬಾಯಿಬಿಟ್ಟು ಹೇಳಿ. 'ನೋಡೋಣ' ಅಂತ ತೇಲಿಸಬೇಡಿ. ಪೂರ್ತಿ ಕೊಡುವುದು ಜಾಸ್ತಿ ಅನ್ನಿಸಿದರೆ ಹೊಸ ಆಯಾ ಹುಡುಕಲು ನೀವು ಹಾಕುವ ರಜೆಗಳನ್ನು ಒಮ್ಮೆ ಲೆಕ್ಕ ಹಾಕಿ.

ಎರಡನೆಯದು, ಆಕೆಗೇ ಜ್ವರ ಬಂದರೆ ಸಂಬಳ ಕಟ್ ಇಲ್ಲ. ಇದು ಬರೀ ದಯೆಯ ಮಾತಲ್ಲ. ಒಂದು ದಿನದ ಕೂಲಿ ಹೋಗುತ್ತದೆ ಅಂತ ಹೆದರಿದವರು ಜ್ವರದ ಗುಳಿಗೆ ನುಂಗಿ ಕೆಲಸಕ್ಕೆ ಬರುತ್ತಾರೆ. ನಾವಾದರೂ ಹಾಗೇ ಮಾಡುತ್ತಿದ್ದೆವು, ಅಲ್ವಾ? ಆಮೇಲೆ ಕೂಸಿಗೂ ಜ್ವರ. ಆಕೆಯ ಮನೆಯಲ್ಲಿ ಬೇರೆಯವರು ಜಡ್ಡು ಬಿದ್ದರೂ ಇದೇ ನಿಯಮ ಇರಲಿ.

ಮೂರನೆಯದು, ದುಡ್ಡು ಹೇಗೆ ತಲುಪಬೇಕು. ಫೋನ್ ಪೇ ಮಾಡಿದೆ ಅಂತ ಸುಮ್ನೆ ಕೂರಬೇಡಿ. ಫೋನ್ ಮಗನದೋ ಗಂಡನದೋ ಆಗಿರಬಹುದು, ಆಕೆಯ ಕೈಗೆ ಬಿಡಿಗಾಸೂ ಬರದೆ ಹೋಗಬಹುದು. ಆಕೆಯ ಸ್ವಂತ ಬ್ಯಾಂಕ್ ಖಾತೆ ಯಾವುದು ಅಂತ ಮೊದಲೇ ಕೇಳಿ. ಲಾಕ್‌ಡೌನ್‌ನಲ್ಲಿ ನಮ್ಮ ಸದಸ್ಯರೊಬ್ಬರು ತಮ್ಮ ಮನೆಗೆ ಬರುವ ಅಕ್ಕನ ಓಣಿಯ ಕಿರಾಣಿ ಅಂಗಡಿಗೆ ದುಡ್ಡು ಕಳಿಸಿ ಆಕೆಯ ಉದ್ರಿ (ಸಾಲದ) ಖಾತೆ ತೀರಿಸಿದರು. ಅದೂ ಒಂದು ದಾರಿ, ಆದರೆ ಆಕೆಯನ್ನು ಕೇಳಿ ಮಾಡಿ.

ಇನ್ನೊಂದು. ಜೋಳ, ತೊಗರಿ ಬೇಳೆ, ಎಣ್ಣೆಯ ಕಿಟ್ ಕೊಟ್ಟೆವಲ್ಲ ಅಂತ ಸಂಬಳದಲ್ಲಿ ಹಿಡಿಯಬೇಡಿ. ಕಿಟ್ ಕೊಡುವುದು ಒಳ್ಳೆಯದೇ. ಆದರೆ ಮನೆ ಮಾಲೀಕರು ಬಾಡಿಗೆಗೆ ಜೋಳ ತಗೊಳ್ಳುವುದಿಲ್ಲ.

ಕಾಗದಪತ್ರ

ಎರಡನೇ ಅಲೆಯ ಹೊತ್ತಿಗೆ, 2021ರ ಮೇ ತಿಂಗಳಲ್ಲಿ, ರಾಜ್ಯ ಸರ್ಕಾರ ಮನೆಗೆಲಸದವರೂ ಸೇರಿದಂತೆ ಅಸಂಘಟಿತ ಕಾರ್ಮಿಕರಿಗೆ ತಲಾ 2,000 ರೂಪಾಯಿ ಘೋಷಿಸಿತು. ಸರ್ಕಾರದ ಸೇವಾ ಸಿಂಧು ವೆಬ್‌ಸೈಟಿನಲ್ಲಿ ಅರ್ಜಿ ಹಾಕಬೇಕಿತ್ತು. ನಮ್ಮ ಓಣಿಯ ಎಷ್ಟೋ ಅಕ್ಕಂದಿರು ಖಾತೆಗೆ ಆಧಾರ್ ಜೋಡಿಸಿರಲಿಲ್ಲ ಅಂತ ತಿರುಗಿ ತಿರುಗಿ ಸುಸ್ತಾದರು. ಜಡ್ಡು ಬಂದ ಮೇಲೆ ಕಾಗದ ಹುಡುಕಿದರೆ ಹೀಗೇ ಆಗುವುದು. ಒಂದು ಭಾನುವಾರ ಬಿಡುವು ಮಾಡಿಕೊಂಡು ಆಕೆಯ ಜೊತೆ ಕೂತು ಇಷ್ಟು ಮುಗಿಸಿ.

ಇ-ಶ್ರಮ್, ಅಂದರೆ ಅಸಂಘಟಿತ ಕಾರ್ಮಿಕರಿಗಾಗಿ ಕೇಂದ್ರ ಸರ್ಕಾರ ಇಟ್ಟಿರುವ ಪಟ್ಟಿಯಲ್ಲಿ ನೋಂದಣಿ ಮಾಡಿಸಿ. ಇದು 2021ರ ಆಗಸ್ಟ್‌ನಲ್ಲಿ ಶುರುವಾಯಿತು. 16ರಿಂದ 59 ವರ್ಷದವರಿಗೆ, ಮನೆಗೆಲಸದವರಿಗೂ ಉಂಟು. ಆಧಾರ್, ಅದಕ್ಕೆ ಜೋಡಿಸಿದ ಮೊಬೈಲ್ ಮತ್ತು ಬ್ಯಾಂಕ್ ಖಾತೆ ಇದ್ದರೆ ಸಾಕು. ಸಹಾಯವಾಣಿ 14434.

ಬ್ಯಾಂಕಿನಲ್ಲೇ ಎರಡು ವಿಮೆ ಇವೆ. ಜೀವನ ಜ್ಯೋತಿಗೆ ವರ್ಷಕ್ಕೆ 436 ರೂಪಾಯಿ, 18ರಿಂದ 50 ವರ್ಷದವರು ಸೇರಬಹುದು. ಸುರಕ್ಷಾ ಬಿಮಾಗೆ ವರ್ಷಕ್ಕೆ 20 ರೂಪಾಯಿ, ಅದು ಅಪಘಾತಕ್ಕೆ ಮಾತ್ರ. ಎರಡರಲ್ಲೂ 2 ಲಕ್ಷದ ತನಕ ಇದೆ. ಒಟ್ಟು 456 ರೂಪಾಯಿಯನ್ನು ನೀವೇ ಕಟ್ಟಿ. ಜೀವನ ಜ್ಯೋತಿಗೆ ಸೇರಿದ ಮೊದಲ 30 ದಿನ, ಅಪಘಾತ ಬಿಟ್ಟು ಬೇರೆ ಕಾರಣದ ಸಾವಿಗೆ ಹಣ ಬರುವುದಿಲ್ಲ. ಊರಲ್ಲಿ ಜಡ್ಡು ಹಬ್ಬಿದ ಮೇಲೆ ಓಡುವವರು ಇದನ್ನು ಗಮನಿಸಿ.

ಅಂಗನವಾಡಿಯ ಅಕ್ಕೋರು

ನಿಮ್ಮ ಮಗು ಆರು ತಿಂಗಳಿಂದ ಆರು ವರ್ಷದ ಒಳಗಿದ್ದರೆ ಓಣಿಯ ಅಂಗನವಾಡಿಯಲ್ಲಿ ಹೆಸರು ಬರೆಸಿ. ಬಿಪಿಎಲ್ ಕಾರ್ಡ್ ಇರಲೇಬೇಕು ಅಂತ ಇಲ್ಲ. ಆಧಾರ್ ಮತ್ತು ತಾಯಿ ಕಾರ್ಡ್ ತಗೊಂಡು ಹೋಗಿ. 'ನಮ್ಮಂಥವರು ಅಲ್ಲಿಗೆ ಹೋಗುತ್ತಾರಾ' ಅಂತ ಕೆಲವರು ಕೇಳುತ್ತಾರೆ. ಹೋಗುತ್ತಾರೆ. ಲಸಿಕೆ ಯಾವಾಗ, ಓಣಿಯಲ್ಲಿ ಯಾರಿಗೆ ಜ್ವರ, ಯಾವ ಮನೆಯಲ್ಲಿ ಬಸುರಿ ಇದ್ದಾರೆ, ಇದೆಲ್ಲ ಅಕ್ಕೋರಿಗೆ ಗೊತ್ತಿರುವಷ್ಟು ಬೇರೆ ಯಾರಿಗೂ ಗೊತ್ತಿರುವುದಿಲ್ಲ.

2020ರ ಮಾರ್ಚ್‌ನಲ್ಲಿ ಮುಚ್ಚಿದ ಅಂಗನವಾಡಿಗಳು ಮತ್ತೆ ಮಕ್ಕಳಿಗೆ ತೆರೆದದ್ದು 2021ರ ನವೆಂಬರ್ 8ಕ್ಕೆ. ಅಷ್ಟು ದಿನ ಅಕ್ಕೋರು ಮನೆಯಲ್ಲಿ ಕೂತಿದ್ದರು ಅಂದುಕೊಳ್ಳಬೇಡಿ. ರೇಷನ್ ಹೊತ್ತು ಮನೆಮನೆಗೆ ಹೋದರು. ಜ್ವರ, ಕೆಮ್ಮು ಅಂತ ಸರ್ವೆ ಮಾಡಿದರು. ಮುಂಬೈ, ಪುಣೆಗೆ ಗುಳೆ ಹೋದವರು ಯಾದಗಿರಿ, ಕಲಬುರಗಿಯ ಹಳ್ಳಿಗಳಿಗೆ ತಿರುಗಿ ಬಂದಾಗ ಅವರ ಲೆಕ್ಕ ಇಡುವುದಕ್ಕೂ ಇವರೇ ಬೇಕಾದರು. ಅದೂ ನಮ್ಮ ಮೇ ತಿಂಗಳ ಬಿಸಿಲಿನಲ್ಲಿ. 2021ರ ಜೂನ್‌ನಲ್ಲಿ ಸರ್ಕಾರ ಅಂಗನವಾಡಿ ಕಾರ್ಯಕರ್ತೆಯರಿಗೂ ಸಹಾಯಕಿಯರಿಗೂ ತಲಾ 2,000 ರೂಪಾಯಿ ಘೋಷಿಸಿತು. ಇವರಿಗೆ ಬರುವುದಕ್ಕೆ ಸಂಬಳ ಅಂತ ಹೆಸರೂ ಇಲ್ಲ, ಗೌರವಧನ ಅನ್ನುತ್ತಾರೆ. ಇವರಿಗೂ ಗ್ರಾಚ್ಯುಟಿ (ಕೆಲಸ ಬಿಡುವಾಗ ಕೊಡುವ ಇಡುಗಂಟು) ಸಿಗಬೇಕು ಅಂತ ಸುಪ್ರೀಂ ಕೋರ್ಟ್ ಹೇಳಿದ್ದು 2022ರ ಏಪ್ರಿಲ್‌ನಲ್ಲಿ.

ನೀವು ಮಾಡಬಹುದಾದದ್ದು ಸಣ್ಣ ಸಣ್ಣ ಕೆಲಸ. ಸರ್ವೆಗೆ ಬಂದರೆ ಬಾಗಿಲಲ್ಲೇ ಬೈದು ಕಳಿಸಬೇಡಿ. ನೆರಳಲ್ಲಿ ಕೂಡ್ರಿಸಿ ನೀರು ಕೊಡಿ. ಅವರ ಹಾಜರಿ, ತೂಕ, ಊಟದ ಲೆಕ್ಕವೆಲ್ಲ ಈಗ ಮೊಬೈಲ್‌ನಲ್ಲಿ, ಪೋಷಣ್ ಟ್ರ್ಯಾಕರ್ ಆ್ಯಪಿನಲ್ಲಿ. ಆ್ಯಪ್ ಸಿಕ್ಕಿಹಾಕಿಕೊಂಡರೆ ನಿಮ್ಮ ವೈಫೈ ಕೊಡಿ, ಬೇಕಿದ್ದರೆ ಫೋನ್ ಚಾರ್ಜ್ ಮಾಡಿಕೊಳ್ಳಲಿ. ಪ್ರತಿ ಅಂಗನವಾಡಿಗೆ ಬಾಲವಿಕಾಸ ಸಮಿತಿ ಇರುತ್ತದೆ. ತಂದೆತಾಯಿಗಳು ಅದರ ಸಭೆಗೆ ಹೋಗಿ ಸೋಪು, ಮಾಸ್ಕು, ಥರ್ಮಾಮೀಟರ್ ಇದೆಯಾ ಅಂತ ಕೇಳಬಹುದು. ಇಲ್ಲದಿದ್ದರೆ ಹತ್ತು ಮನೆಯವರು ಸೇರಿ ಕೊಡಿಸುವುದು ದೊಡ್ಡ ಮಾತೇನಲ್ಲ. ದೂರು ಇದ್ದರೆ ಟೀಚರ್ ಮೇಲೆ ಕೂಗಾಡಬೇಡಿ. ಮೇಲ್ವಿಚಾರಕಿ ಇದ್ದಾರೆ, ಅವರ ಮೇಲೆ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಇದ್ದಾರೆ.

ಆಳಂದ, ಚಿತ್ತಾಪುರದ ಕಡೆ ಹಳ್ಳಿಯಲ್ಲೇ ಮನೆ ಮಾಡಿದವರಿಗೆ ಗ್ರಾಮ ಪಂಚಾಯಿತಿಯ ಕೂಸಿನ ಮನೆ, ಅಂದರೆ ಶಿಶುಪಾಲನಾ ಕೇಂದ್ರದ ಬಗ್ಗೆ ಗೊತ್ತಿರಲಿ. ಮುಖ್ಯವಾಗಿ ಉದ್ಯೋಗ ಖಾತರಿ ಕೂಲಿಗೆ ಹೋಗುವ ತಾಯಂದಿರ ಪುಟ್ಟ ಮಕ್ಕಳಿಗಾಗಿ ಅದನ್ನು ಮಾಡಿದ್ದಾರೆ.

ಫೀಸು ಕೊಟ್ಟು ಬಿಡುವ ಡೇ ಕೇರ್

ಬಂದ್ ಆದ ತಕ್ಷಣ ಎಲ್ಲರೂ ಫೀಸು ನಿಲ್ಲಿಸಿದರೆ ಸಣ್ಣ ಡೇ ಕೇರ್ ಎರಡು ತಿಂಗಳೂ ತಡೆಯುವುದಿಲ್ಲ. ಕಟ್ಟಡದ ಬಾಡಿಗೆ ನಿಲ್ಲುವುದಿಲ್ಲವಲ್ಲ. ನಮ್ಮ ಬಡಾವಣೆಯದೊಂದು 2020ರಲ್ಲಿ ಮುಚ್ಚಿದ್ದು ಮತ್ತೆ ತೆರೆಯಲೇ ಇಲ್ಲ. ಜೋಕಾಲಿ, ಕುದುರೆ ಗೊಂಬೆಗಳು ತಿಂಗಳುಗಟ್ಟಲೆ ಅಂಗಳದಲ್ಲಿ ಬಿಸಿಲು ಕಾಯುತ್ತಿದ್ದವು. ಊಟ, ವ್ಯಾನಿನ ದುಡ್ಡು ಬಿಟ್ಟು ಉಳಿದ ಫೀಸಿನಲ್ಲಿ ಒಂದು ಪಾಲು ಕೊಡುತ್ತೇವೆ ಅಂತ ಪಾಲಕರು ಒಟ್ಟಾಗಿ ಮಾಲೀಕರ ಜೊತೆ ಕೂತು ಮಾತಾಡಿ. ಆ ದುಡ್ಡು ಆಯಾಗಳಿಗೆ ತಲುಪುತ್ತಿದೆಯಾ ಅಂತಲೂ ಕೇಳಿ. ಕೇಳುವ ಹಕ್ಕು ನಿಮಗಿದೆ.

50 ಜನ ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಸಂಸ್ಥೆ ಮಕ್ಕಳನ್ನು ನೋಡಿಕೊಳ್ಳುವ ವ್ಯವಸ್ಥೆ ಮಾಡಬೇಕು ಅನ್ನುವ ನಿಯಮ 2017ರ ಹೆರಿಗೆ ಸೌಲಭ್ಯ ತಿದ್ದುಪಡಿಯಲ್ಲಿ ಬಂತು. ನಿಮ್ಮ ಆಫೀಸಿನಲ್ಲಿ ಇದೆಯಾ ವಿಚಾರಿಸಿ.

ಮನೆಯೊಳಗೆ

ಜಡ್ಡು ಹಬ್ಬಿದ ದಿನಗಳಲ್ಲಿ ಕೂಸು ನೋಡುವ ಅಕ್ಕ ಬಂದ ಕೂಡಲೇ ಕೈಕಾಲು ತೊಳೆಯಲು ಸೋಪು, ಬದಲಿಸಲು ಒಂದು ಜೊತೆ ಬಟ್ಟೆ ನಿಮ್ಮಲ್ಲೇ ಇರಲಿ. ಮಾಸ್ಕ್ ನೀವೇ ಕೊಡಿಸಿ. ಐದು ವರ್ಷದೊಳಗಿನ ಮಕ್ಕಳಿಗೆ ಮಾಸ್ಕ್ ಕಡ್ಡಾಯ ಮಾಡಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ, ಯುನಿಸೆಫ್ 2020ರಲ್ಲೇ ಹೇಳಿವೆ. ಹಾಗಾಗಿ ಕೂಸಿನ ಮಾಸ್ಕ್ ಜಾರಿತು ಅಂತ ಆಕೆಯನ್ನು ಗದರಬೇಡಿ. ಸ್ಯಾನಿಟೈಸರ್ ಕೂಸಿನ ಕೈಗೆ ಸಿಗದ ಕಡೆ ಇಡಿ.

ಗಾಳಿಯ ವಿಚಾರ ಇಲ್ಲಿ ಸ್ವಲ್ಪ ಕಷ್ಟ. ಏಪ್ರಿಲ್, ಮೇ ತಿಂಗಳಲ್ಲಿ ಕಿಟಕಿ ತೆರೆದರೆ ಬಿಸಿಗಾಳಿ ಹೊಡೆಯುತ್ತದೆ. ಎಸಿ ಹಾಕಿ ಎಲ್ಲ ಮುಚ್ಚಿದರೆ ಒಳಗಿನ ಗಾಳಿಯೇ ಸುತ್ತುತ್ತದೆ. ಕಿಟಕಿಗೆ ಇಟ್ಟ ಕೂಲರ್ ಹೊರಗಿನ ಗಾಳಿ ಎಳೆದು ತರುತ್ತದೆ. ಎದುರಿನ ಬಾಗಿಲು ಅರ್ಧ ತೆರೆದಿಟ್ಟರೆ ಕೋಣೆಯ ಗಾಳಿ ಹೊರಗೆ ಹೋಗುತ್ತದೆ. ಕೂಲರಿನ ನೀರನ್ನು ವಾರಕ್ಕೊಮ್ಮೆ ಪೂರ್ತಿ ಖಾಲಿ ಮಾಡಿ ತೊಳೆಯಿರಿ. ಇಲ್ಲದಿದ್ದರೆ ಡೆಂಗಿ ಸೊಳ್ಳೆ ಸಾಕಿದಂತೆ.

ನಿಮ್ಮ ಕೂಸಿಗೆ ಬೆಳಿಗ್ಗೆ ಮೈ ಬಿಸಿ ಇದ್ದರೆ ಆಕೆ ಮನೆ ಬಿಡುವ ಮೊದಲೇ ಫೋನ್ ಮಾಡಿ ಹೇಳಿ. ಆಕೆಯ ಮನೆಯಲ್ಲೂ ಮುದುಕರು, ಮಕ್ಕಳು ಇದ್ದಾರೆ. ಗೋಡೆಗೆ ಮೂರು ನಂಬರ್ ಅಂಟಿಸಿಡಿ: ಆಂಬುಲೆನ್ಸಿಗೆ 108, ಆರೋಗ್ಯದ ಸಲಹೆಗೆ 104, ಮಕ್ಕಳ ಸಹಾಯಕ್ಕೆ 1098.

ಆಕೆ ಬರಲಾಗದ ದಿನಗಳಿಗೆ ಒಂದೇ ಬಡಾವಣೆಯ ಎರಡು ಮೂರು ಮನೆಯವರು ಸರದಿ ಮಾಡಿಕೊಳ್ಳಿ. ಯಾರ ಜೊತೆ ಅಂತ ತಿಳಿಯದಿದ್ದರೆ ಸಂಘಕ್ಕೆ ಹೇಳಿ, ಪರಿಚಯ ಮಾಡಿಸುತ್ತೇವೆ. ಸರದಿ ಇದ್ದರೆ 'ನಾಳೆ ಬಂದುಬಿಡ್ರಿ ಅಕ್ಕಾ' ಅಂತ ಜ್ವರದಲ್ಲಿರುವವರನ್ನು ಕಾಡುವುದು ತಪ್ಪುತ್ತದೆ. ಕೊರೊನಾದಿಂದ ಎದ್ದ ಕೆಲವರಿಗೆ ತಿಂಗಳುಗಟ್ಟಲೆ ಸುಸ್ತು ಇತ್ತು. ಹಾಗಾಗಿ ಆಕೆ ತಿರುಗಿ ಬಂದ ಮೊದಲ ಎರಡು ವಾರ ಅರ್ಧ ದಿನ ಸಾಕು. ಮಧ್ಯಾಹ್ನ ಕೂಸು ಮಲಗಿದಾಗ ಆಕೆಯೂ ಮಲಗಲಿ, ಬಾಂಡೆ (ಪಾತ್ರೆ) ಸಂಜೆ ನೀವು ತೊಳೆಯಿರಿ.